ಹತ್ತನೇ ಕ್ಲಾಸಿನ ನೆನಪಿನ ಪುಸ್ತಕಕ್ಕೆ ಚಿತ್ರ ಬಿಡಿಸೋದು ಹೇಗೆ?

ನಮ್ಮಲ್ಲಿ ಬಹಳಷ್ಟು ಮಂದಿಗೆ ಊರಲ್ಲಿ ಹತ್ತನೇ ಕ್ಲಾಸು ಓದೋ ತಮ್ಮನೋ ತಂಗಿಯೋ, ಪಕ್ಕದ ಮನೆಯ ಹುಡುಗರೋ ಇದ್ದೇ ಇರ್ತಾರೆ. ಜನವರಿ ಬಂತು ಅಂದ್ರೆ ಅವರಿಂದ ಒಂದು ಫೋನು: "ಅಣ್ಣಾ, ಸೆಂಡಾಫ್‌ಗೆ ಒಂದು ಪುಸ್ತಕ ಮಾಡ್ತಾ ಇದ್ದೀವಿ, ಚಿತ್ರ ಬಿಡಿಸಿಕೊಡ್ತೀಯಾ?" ಅಮೆರಿಕದ ಹೈಸ್ಕೂಲುಗಳಲ್ಲಿ ಇಯರ್‌ಬುಕ್ ಅನ್ನೋದು ಹಳೇ ಪದ್ಧತಿ. ನಮ್ಮ ಕಡೆ ಆಟೋಗ್ರಾಫ್ ಪುಸ್ತಕ, ಸ್ಲಾಮ್ ಬುಕ್ಕು, ಶಾಲೆಯ ಸ್ಮರಣ ಸಂಚಿಕೆ ಇದ್ದವು. ಈಗ ಈ ಮೂರನ್ನೂ ಸೇರಿಸಿ ಮಕ್ಕಳೇ ಒಂದು ತೆಳ್ಳನೆಯ ಪುಸ್ತಕ ಮಾಡಿಕೊಳ್ಳೋದು ಕೆಲವು ಶಾಲೆಗಳಲ್ಲಿ ಶುರುವಾಗಿದೆ. ಅಂಥ ಪುಸ್ತಕಕ್ಕೆ ಏನು ಬಿಡಿಸಬೇಕು, ಹೇಗೆ ಬಿಡಿಸಬೇಕು ಅನ್ನೋದೇ ಈ ಪಾಠ. ಚಿತ್ರಕಲೆ ಕಲಿತವರೇ ಆಗಬೇಕಿಲ್ಲ. ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಪಾಸಾಗಿದ್ದರೆ ಅರ್ಧ ಕೆಲಸ ಬಂದ ಹಾಗೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಚಿತ್ರ ಯಾಕೆ ಬೇಕು ಅಂತ ಕೇಳಬಹುದು. ಕ್ಲಾಸಿನ ಯಾರದಾದರೂ ಫೋನ್ ತೆಗೆದು ನೋಡಿ. ಇನ್ನೂರು ಫೋಟೋ ಇದ್ದರೂ ಅದೇ ಏಳೆಂಟು ಮುಖಗಳು ತಿರುಗಾ ಮುರುಗಾ ಕಾಣುತ್ತವೆ. ಫೋಟೋ ತೆಗೆಯುವವಳು ಫೋಟೋದಲ್ಲಿ ಇರೋದಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವವನೂ ಇರೋದಿಲ್ಲ. ನೀರಿನ ನಲ್ಲಿ, ಸೈಕಲ್ ನಿಲ್ಲಿಸುವ ಹುಣಸೇಮರ, ಮುರಿದ ಕಿಟಕಿ ಇವನ್ನಂತೂ ಯಾರೂ ಫೋಟೋ ತೆಗೆಯಲ್ಲ. ಮೇಲಾಗಿ ಕಡಿಮೆ ದುಡ್ಡಿನಲ್ಲಿ ಕಪ್ಪು ಬಿಳುಪಾಗಿ ಅಚ್ಚು ಹಾಕಿಸಿದರೆ ಫೋಟೋದಲ್ಲಿ ಮುಖಗಳು ಮಸಿ ಮೆತ್ತಿದ ಹಾಗೆ ಬರುತ್ತವೆ. ಗೆರೆಯ ಚಿತ್ರ ಜೆರಾಕ್ಸ್ ಅಂಗಡಿಯಲ್ಲೂ ಚೊಕ್ಕಟವಾಗಿ ಬರುತ್ತೆ.

ಹಾಗಾಗಿ ಚಿತ್ರಗಾರನ ಕೆಲಸ ಬರೀ ಅಲಂಕಾರ ಅಲ್ಲ. ಕ್ಯಾಮೆರಾ ಬಿಟ್ಟವರನ್ನೂ ಬಿಟ್ಟದ್ದನ್ನೂ ಪುಸ್ತಕದೊಳಗೆ ತರೋದು. ಹತ್ತು ವರ್ಷ ಕಳೆದ ಮೇಲೆ ಆ ಕ್ಲಾಸಿನ ಯಾರೇ ಪುಸ್ತಕ ತೆರೆದರೂ "ಇಗೋ ನಾನು ಇಲ್ಲಿದ್ದೀನಿ" ಅಂತ ಬೆರಳಿಟ್ಟು ತೋರಿಸೋ ಹಾಗಿರಬೇಕು. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ಮಾತಿಗೆ ಸೇರಿದವು.

ಮೊದಲು ಪಟ್ಟಿ, ಆಮೇಲೆ ಪೆನ್ಸಿಲ್ಲು

ಕ್ಲಾಸ್ ಟೀಚರ್ ಹತ್ತಿರ ಹಾಜರಿ ಪುಸ್ತಕ ಕೇಳಿ, ರೋಲ್ ನಂಬರ್ ಪ್ರಕಾರ ಹೆಸರುಗಳನ್ನು ಬರೆದುಕೊಳ್ಳಿ. ಗೆಳೆಯರ ಬಾಯಿಂದ ಹೆಸರು ಕೇಳಿ ಪಟ್ಟಿ ಮಾಡಿದರೆ ನಾಲ್ಕೈದು ಹೆಸರು ಖಂಡಿತ ಬಿಟ್ಟುಹೋಗುತ್ತವೆ. ಬಿಟ್ಟುಹೋಗೋದೂ ಯಾವಾಗಲೂ ಬಿಟ್ಟುಹೋಗುವ ಅದೇ ಹೆಸರುಗಳು.

ಪ್ರತಿಯೊಬ್ಬರಿಗೂ ಮೂರೇ ಮೂರು ಪ್ರಶ್ನೆ ಕೇಳಿ:

1. ಕ್ಲಾಸಿನಲ್ಲಿ ನಿನ್ನ ಜಾಗ ಯಾವುದು?
2. ನಿನ್ನ ಕೈಯಲ್ಲೋ ಬ್ಯಾಗಿನಲ್ಲೋ ಯಾವಾಗಲೂ ಇರೋ ವಸ್ತು ಯಾವುದು?
3. ಊಟದ ಗಂಟೆ ಹೊಡೆದ ಕೂಡಲೇ ಎಲ್ಲಿಗೆ ಓಡ್ತೀಯ?

ಉತ್ತರಗಳನ್ನು ಹೆಸರಿನ ಮುಂದೆ ಒಂದೊಂದು ಸಾಲಿನಲ್ಲಿ ಬರೆದಿಡಿ. ಮೊದಲ ಉತ್ತರ ಗುಂಪಿನ ಚಿತ್ರಕ್ಕೆ, ಎರಡನೆಯದು ಮುಖಚಿತ್ರಕ್ಕೆ, ಮೂರನೆಯದು ಶಾಲೆಯ ನಕ್ಷೆಗೆ ಬೇಕಾಗುತ್ತೆ. ಮಾತು ಕಡಿಮೆ ಇರೋ ಮಕ್ಕಳು ಗುಂಪಿನ ಎದುರು ಬಾಯಿ ಬಿಡಲ್ಲ. ಅವರಿಗೆ ಚೀಟಿ ಕೊಟ್ಟು ಬರೆಸಿಕೊಳ್ಳಿ.

ಕೆಲಸ ಎಷ್ಟಾಗುತ್ತೆ ಅಂತಲೂ ಮೊದಲೇ ಲೆಕ್ಕ ಹಾಕಿ. 40 ಮಕ್ಕಳು, ಒಬ್ಬರ ಮುಖಚಿತ್ರಕ್ಕೆ 20 ನಿಮಿಷ ಅಂದರೆ 800 ನಿಮಿಷ. ಅಂದರೆ ಹದಿಮೂರು ಗಂಟೆ ಇಪ್ಪತ್ತು ನಿಮಿಷ. ಒಬ್ಬರೇ ಕೂತರೆ ಕೊನೆಯ ಹತ್ತು ಮುಖಗಳು ಕಾಟಾಚಾರಕ್ಕೆ ಬರುತ್ತವೆ. ನಾಲ್ಕು ಜನ ಹಂಚಿಕೊಂಡರೆ ತಲಾ ಮೂರು ಗಂಟೆ ಇಪ್ಪತ್ತು ನಿಮಿಷ, ಒಂದು ಭಾನುವಾರದಲ್ಲಿ ಮುಗಿಯುತ್ತೆ. ಎಲ್ಲರೂ ಒಂದೇ ಅಳತೆಯ ಚೌಕ, ಒಂದೇ ದಪ್ಪದ ಪೆನ್ನು ಬಳಸಬೇಕು ಅನ್ನೋದು ಮಾತ್ರ ಷರತ್ತು. ಆಗ ನಾಲ್ಕು ಕೈ ಬಿಡಿಸಿದ್ದರೂ ಪುಟ ಒಂದೇ ತರ ಕಾಣುತ್ತೆ.

ಮುಖ ಹೋಲಲ್ಲ ಅಂತ ಹೆದರಬೇಡಿ

ಮುಖ ಬಿಡಿಸುವವರು ಸಾಮಾನ್ಯವಾಗಿ ಕಣ್ಣನ್ನು ತೀರಾ ಮೇಲೆ ಇಡ್ತಾರೆ. ನೆತ್ತಿಯಿಂದ ಗಲ್ಲದವರೆಗಿನ ಎತ್ತರದಲ್ಲಿ ಕಣ್ಣು ಬರೋದು ಹೆಚ್ಚುಕಡಿಮೆ ನಟ್ಟನಡುವೆ. ಕಣ್ಣಿಗೂ ಗಲ್ಲಕ್ಕೂ ನಡುವೆ ಅರ್ಧಕ್ಕೆ ಮೂಗಿನ ತುದಿ. ಈ ಎರಡು ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ಎಳೆದುಕೊಂಡು ಶುರು ಮಾಡಿದರೆ ಮುಖ ಮನುಷ್ಯರದ್ದಾಗಿಯೇ ಬರುತ್ತೆ. ಆಮೇಲೆ ಗುರುತು ಕೊಡೋದು ಕೂದಲು, ಕನ್ನಡಕ, ಕುತ್ತಿಗೆ ಓರೆ ಮಾಡಿ ನಿಲ್ಲುವ ರೀತಿ, ಮಡಚಿ ಕಟ್ಟಿದ ಎರಡು ಜಡೆ, ಕಾಲರಿನ ಮೇಲಿನ ಗುಂಡಿ ಹಾಕಿದ್ದಾನೋ ಬಿಟ್ಟಿದ್ದಾನೋ ಅನ್ನೋದು.

ಇದಕ್ಕೆ ನಮ್ಮ ಮೈಸೂರಿನವರೇ ದೊಡ್ಡ ಉದಾಹರಣೆ. ಆರ್.ಕೆ. ಲಕ್ಷ್ಮಣ್ (1921–2015) ಅವರ 'ಕಾಮನ್ ಮ್ಯಾನ್' ಎಷ್ಟೋ ವರ್ಷ ಪತ್ರಿಕೆಯಲ್ಲಿ ಬಂದರೂ ಒಂದು ಮಾತೂ ಆಡಲಿಲ್ಲ. ಆದರೂ ಚೌಕುಳಿ ಕೋಟು, ಪಂಚೆ, ಕನ್ನಡಕ ಕಂಡರೆ ಸಾಕು, ಎಷ್ಟೇ ಗುಂಪಿದ್ದರೂ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುತ್ತೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಚಿತ್ರ ಬಿಡಿಸಿದವರೂ ಅವರೇ. ಆ ರೇಖಾಚಿತ್ರಗಳನ್ನು ಒಮ್ಮೆ ನಿಲ್ಲಿಸಿ ನೋಡಿ, ಕೆಲವೇ ಗೆರೆಯಲ್ಲಿ ಒಂದು ಊರು ಹೇಗೆ ಎದ್ದು ನಿಲ್ಲುತ್ತೆ ಅಂತ ತಿಳಿಯುತ್ತೆ. ನಿಮ್ಮ ಕ್ಲಾಸಿನ ಪ್ರತಿಯೊಬ್ಬರಿಗೂ ಅಂಥ ಎರಡು ಗುರುತು ಹುಡುಕಿ, ಒಂದು ಮೈಮೇಲಿನದು, ಇನ್ನೊಂದು ಕೈಯಲ್ಲಿನದು. ಎರಡನೇ ಪ್ರಶ್ನೆಯ ಉತ್ತರ ಇಲ್ಲಿ ಬೇಕಾಗೋದು. ಒಬ್ಬಳ ಕೈಯಲ್ಲಿ ಥ್ರೋಬಾಲ್, ಒಬ್ಬನ ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು, ಇನ್ನೊಬ್ಬಳ ಬ್ಯಾಗಿನಿಂದ ಇಣುಕುವ ನೀರಿನ ಬಾಟಲಿ. ಮುಖ ಹೋಲದಿದ್ದರೂ ಕೈಯಲ್ಲಿನ ವಸ್ತು ಹೆಸರು ಹೇಳಿಬಿಡುತ್ತೆ.

ಇಲ್ಲಿ ಒಂದು ಎಚ್ಚರಿಕೆ ಇದೆ. ವ್ಯಂಗ್ಯಚಿತ್ರ ಅಂದ ಕೂಡಲೇ ಮೂಗು ಉದ್ದ ಮಾಡೋದು, ಹಲ್ಲು ಮುಂದೆ ತರೋದು, ದಪ್ಪಗಿರುವವರನ್ನು ಇನ್ನಷ್ಟು ದಪ್ಪ ಮಾಡೋದು ಸುಲಭದ ದಾರಿ. ಶಾಲೆಯಲ್ಲಿ ಅಡ್ಡಹೆಸರುಗಳೂ ಇರುತ್ತವೆ, ಮೈಬಣ್ಣದ ಮೇಲೆ, ಎತ್ತರದ ಮೇಲೆ, ನಡಿಗೆಯ ಮೇಲೆ. ಅವನ್ನು ಚಿತ್ರ ಮಾಡಿದರೆ ಆ ದಿನ ಎಲ್ಲರೂ ನಗ್ತಾರೆ. ಆ ಹುಡುಗಿಯೂ ಎಲ್ಲರ ಜೊತೆ ನಗ್ತಾಳೆ, ಆಮೇಲೆ ಮನೆಗೆ ಹೋಗಿ ಆ ಪುಟವನ್ನು ಹರಿದು ಹಾಕ್ತಾಳೆ. ಸಂಜೆಯ ನಗು ಮರೆತುಹೋಗುತ್ತೆ, ಅಚ್ಚಾದ ಗೆರೆ ಹೋಗಲ್ಲ. ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ: ದೇಹವನ್ನು ಉಬ್ಬಿಸಬೇಡಿ, ಅಭ್ಯಾಸವನ್ನು ಉಬ್ಬಿಸಿ. ಯಾವಾಗಲೂ ತಡವಾಗಿ ಬರುವವನನ್ನು ಗೇಟು ಹಾರುತ್ತಿರುವ ಹಾಗೆ, ಸದಾ ಪ್ರಶ್ನೆ ಕೇಳುವವಳ ಕೈ ಚಾವಣಿ ಮುಟ್ಟುವ ಹಾಗೆ ಬಿಡಿಸಿ. ಪೆನ್ಸಿಲ್ ಹಂತದಲ್ಲೇ ಅವರವರಿಗೆ ತೋರಿಸಿ. "ಬೇಡ" ಅಂದರೆ ಯಾಕೆ ಅಂತ ಕೇಳದೆ ಬೇರೆ ಬಿಡಿಸಿಕೊಡಿ.

ಶಾಲೆಯ ನಕ್ಷೆ: ಐಸೋಮೆಟ್ರಿಕ್ ಕೊನೆಗೂ ಉಪಯೋಗಕ್ಕೆ ಬಂತು

ಪುಸ್ತಕದ ನಡು ಪುಟಕ್ಕೆ ಶಾಲೆಯ ಚಿತ್ರ ಬೇಕೇ ಬೇಕು. ದೂರ ಹೋದಂತೆ ಚಿಕ್ಕದಾಗುವ ಪರ್ಸ್ಪೆಕ್ಟಿವ್ ಚಿತ್ರ ಬಿಡಿಸೋಕೆ ಕಷ್ಟ, ಹಿಂದಿನ ಕೋಣೆಗಳು ಕಾಣೋದೂ ಇಲ್ಲ. ಐಸೋಮೆಟ್ರಿಕ್‌ನಲ್ಲಿ ಸಮಾನಾಂತರ ಗೆರೆಗಳು ಸಮಾನಾಂತರವಾಗಿಯೇ ಉಳಿಯುತ್ತವೆ, ಉದ್ದ ಅಗಲಗಳು ಎರಡೂ ಕಡೆ 30 ಡಿಗ್ರಿ ಓರೆ, ಎತ್ತರ ನೆಟ್ಟಗೆ. ಹಾಗಾಗಿ ಮುಂದಿನ ಗೇಟಿನಿಂದ ಹಿಂದಿನ ಅಡುಗೆಮನೆಯವರೆಗೂ ಎಲ್ಲ ಒಂದೇ ಅಳತೆಯಲ್ಲಿ ಕಾಣುತ್ತವೆ. ಐಸೋಮೆಟ್ರಿಕ್ ಸ್ಕೇಲಿನ 0.816 ತಲೆನೋವು ಇಲ್ಲಿ ಬೇಡ, ನಿಜ ಅಳತೆಯನ್ನೇ ನೇರವಾಗಿ ಇಳಿಸಿಕೊಳ್ಳಿ. ಒಂದು ಮೀಟರಿಗೆ 5 ಮಿ.ಮೀ. ಹಿಡಿದರೆ 8 ಮೀಟರ್ ಉದ್ದದ ಕೋಣೆ 4 ಸೆಂ.ಮೀ. ಆಗುತ್ತೆ. ಅಳತೆಗೆ ಟೇಪು ಬೇಡ, ಹೆಜ್ಜೆ ಹಾಕಿ ಎಣಿಸಿದರೂ ಸಾಕು.

ಹೆಂಚಿನ ಮಾಡಿದ್ದರೆ ಹೆಂಚನ್ನೆಲ್ಲ ಬಿಡಿಸಲು ಹೋಗಬೇಡಿ, ಅಂಚಿನ ಎರಡು ಸಾಲು ತೋರಿಸಿ ಬಿಟ್ಟುಬಿಡಿ. ಒಂದು ಕೋಣೆಯ ಚಾವಣಿ ತೆಗೆದು ಒಳಗಿನ ಬೆಂಚು, ಕಪ್ಪು ಹಲಗೆ ಕಾಣಿಸಿ. ಅದು ಹತ್ತನೇ ಕ್ಲಾಸಿನ ಕೋಣೆ. ಆಮೇಲೆ ಮೂರನೇ ಪ್ರಶ್ನೆಯ ಉತ್ತರಗಳನ್ನು ತೆಗೆಯಿರಿ. ಊಟದ ಗಂಟೆಗೆ ಯಾರು ಎಲ್ಲಿಗೆ ಓಡ್ತಾರೋ ಅಲ್ಲಿ ಒಂದು ಸಣ್ಣ ಆಕೃತಿ, ಪಕ್ಕದಲ್ಲಿ ರೋಲ್ ನಂಬರ್. ನಲ್ಲಿಯ ಹತ್ತಿರ ಐವರು, ಬಿಸಿಯೂಟದ ಸಾಲಿನಲ್ಲಿ ಹದಿನೈದು, ಗೇಟಿನಾಚೆ ಪೆಪ್ಪರಮೆಂಟಿನ ಅಂಗಡಿ ಹತ್ತಿರ ಮೂವರು, ಲೈಬ್ರರಿ ಬೀರುವಿನ ಪಕ್ಕ ಒಬ್ಬಳೇ ಒಬ್ಬಳು. ನಕ್ಷೆಯಲ್ಲಿ ಎಲ್ಲರಿಗೂ ಒಂದೊಂದು ಜಾಗ ಸಿಕ್ಕಿಬಿಡುತ್ತೆ, ಯಾರೂ ಮೂಲೆಗೆ ಬೀಳಲ್ಲ.

ವಸ್ತುಗಳ ಪುಟ

ಗಂಟೆ ಅಂತ ತೂಗುಹಾಕಿದ ರೈಲು ಹಳಿಯ ತುಂಡು, ಕೈವಾರದ ಮೊನೆಯಿಂದ ಹೆಸರು ಕೆತ್ತಿದ ಬೆಂಚು, ಒಂದು ಕಡೆ ಸವೆದ ಡಸ್ಟರು, ಮೀಟರ್ ಉದ್ದದ ಮರದ ಸ್ಕೇಲು, ಲ್ಯಾಬಿನ ಗಾಜಿನ ಪಾತ್ರೆ, ತಟ್ಟೆ ಲೋಟ. ಇವನ್ನು ವರ್ಕ್‌ಶಾಪ್ ಡ್ರಾಯಿಂಗ್ ತರ ಬಿಡಿಸಿ. ಎದುರಿನ ನೋಟ, ಪಕ್ಕದ ನೋಟ, ಬಾಣದ ಗುರುತು ಹಾಕಿ ಅಳತೆ. ಅಳತೆಯಲ್ಲಿ ಒಂದಿಷ್ಟು ತಮಾಷೆಗೆ ಅವಕಾಶ ಇದೆ: "ಬೆಂಚು, ಉದ್ದ 1500 ಮಿ.ಮೀ., ಕೂರಬೇಕಾದವರು 3, ಕೂತವರು 5."

ಇನ್ನೊಂದು ಒಳ್ಳೇ ಉಪಾಯ ಸ್ಕೂಲ್ ಬ್ಯಾಗಿನ ಬಿಡಿಭಾಗಗಳ ಚಿತ್ರ. ಮಷೀನ್ ಡ್ರಾಯಿಂಗ್‌ನಲ್ಲಿ ಬೋಲ್ಟು, ವಾಷರು, ನಟ್ಟುಗಳನ್ನು ಒಂದೇ ನಡುಗೆರೆಯ ಮೇಲೆ ಬಿಡಿಬಿಡಿಯಾಗಿ ತೋರಿಸ್ತೀವಲ್ಲ, ಹಾಗೇ ಬ್ಯಾಗು, ಅದರ ಮೇಲೆ ಪುಸ್ತಕಗಳು, ಜಾಮಿಟ್ರಿ ಬಾಕ್ಸು, ಟಿಫನ್ ಡಬ್ಬಿ, ಎಂಟನೇ ಕ್ಲಾಸಿನಿಂದ ಅಡಿಯಲ್ಲೇ ಬಿದ್ದಿರುವ ಚಾಕಲೇಟ್ ಕಾಗದ. ಒಂದೊಂದಕ್ಕೂ ನಂಬರು, ಕೆಳಗೆ ಭಾಗಗಳ ಪಟ್ಟಿ. ಪಟ್ಟಿಯನ್ನು ಮಕ್ಕಳ ಕೈಲೇ ಬರೆಸಿ, ಅವರ ಭಾಷೆಯಲ್ಲೇ ಇರಲಿ.

ಗುಂಪಿನ ಚಿತ್ರ

ಗೋವಾದಲ್ಲಿ ಬೆಳೆದ ಮಾರಿಯೋ ಮಿರಾಂಡ (1926–2011) ಚಿಕ್ಕ ವಯಸ್ಸಿನಲ್ಲಿ ದಿನಚರಿಯನ್ನು ಚಿತ್ರಗಳಲ್ಲಿ ಬರೆದಿಡುತ್ತಿದ್ದರು. ಸಂತೆ, ಮದುವೆ, ಹೋಟೆಲು ಏನೇ ಇರಲಿ, ಅವರ ಚಿತ್ರದ ತುಂಬಾ ಜನ. ಗುಂಪಿನೊಳಗೂ ಒಬ್ಬೊಬ್ಬರು ಒಂದೊಂದು ಕೆಲಸದಲ್ಲಿ ಇರ್ತಾರೆ. ಗುಂಪು ಬಿಡಿಸುವ ಗುಟ್ಟು ಅಷ್ಟೇ: ಸಾಲಾಗಿ ನಿಲ್ಲಿಸಬೇಡಿ, ಕೈಗೊಂದು ಕೆಲಸ ಕೊಡಿ.

ಪರೀಕ್ಷೆಯ ಹಿಂದಿನ ದಿನದ ಕ್ಲಾಸು ಬಿಡಿಸಿ ನೋಡಿ. ಒಬ್ಬ ಸೂತ್ರ ಬಾಯಿಪಾಠ ಮಾಡ್ತಿದ್ದಾನೆ, ಇಬ್ಬರು ಒಂದೇ ಗೈಡಿಗೆ ಕಿತ್ತಾಡ್ತಿದ್ದಾರೆ, ಒಬ್ಬಳು ನೋಟ್ಸು ಪೂರ್ತಿ ಮಾಡ್ತಿದ್ದಾಳೆ, ಒಬ್ಬ ಕಿಟಕಿಯಾಚೆ ನೋಡ್ತಿದ್ದಾನೆ. ಯಾರು ಯಾವ ಬೆಂಚಿನಲ್ಲಿ ಅನ್ನೋದಕ್ಕೆ ಮೊದಲ ಪ್ರಶ್ನೆಯ ಉತ್ತರ ನೋಡಿಕೊಳ್ಳಿ.

ಮುಖ ಬಿಡಿಸೋಕೆ ಧೈರ್ಯ ಸಾಲದಿದ್ದರೆ ಕಪ್ಪು ನೆರಳುಚಿತ್ರ ಮಾಡಿ. ಖೋ ಖೋ ಇದಕ್ಕೆ ಹೇಳಿ ಮಾಡಿಸಿದ ಆಟ. ಓಡಿಸುವ ತಂಡದ ಎಂಟು ಜನ ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖ ಮಾಡಿ ಕೂತಿರ್ತಾರೆ, ಒಂಬತ್ತನೆಯವಳು ಅಟ್ಟಿಸಿಕೊಂಡು ಓಡ್ತಿರ್ತಾಳೆ. ನೆರಳುಚಿತ್ರದಲ್ಲಿ ಕೈಕಾಲು ಮೈಗೆ ಅಂಟಿಕೊಂಡರೆ ಬರೀ ಕಪ್ಪು ಉಂಡೆ ಕಾಣುತ್ತೆ. ಮೊಣಕೈ, ಜಡೆ, ಬೆರಳು ಹೊರಗೆ ಚಾಚಿರಲಿ, ನಡುವೆ ಬಿಳಿ ಜಾಗ ಕಾಣಲಿ.

ಅಂಚು ಮತ್ತು ರಂಗೋಲಿ

ಪುಟದ ಅಂಚಿಗೆ ಇಂಟರ್ನೆಟ್ಟಿನಿಂದ ಇಳಿಸಿದ ಬಲೂನು, ಪದವಿ ಟೋಪಿ ಹಾಕಬೇಡಿ. ಆ ಚೌಕ ಟೋಪಿಯನ್ನು ನಮ್ಮ ಸರ್ಕಾರಿ ಹೈಸ್ಕೂಲಿನ ಯಾವ ಮಗುವೂ ಹಾಕಿಲ್ಲ. ಅಂಚು ಆಯಾ ಊರಿನದ್ದಾಗಿರಲಿ. ಸಾಗರದ ಕಡೆಯ ಶಾಲೆಯಾದರೆ ಅಲ್ಲಿನ ದೀವರ ಮನೆಗಳ ಹಸೆ ಚಿತ್ತಾರ ಇದೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹೆಣ್ಣುಮಕ್ಕಳು ಎಳೆಯುವ ನೇರ ಗೆರೆಗಳು. ಸ್ಕೇಲು ಇಲ್ಲದೆ ಅಷ್ಟು ಒಪ್ಪವಾಗಿ ಬರುವ ಗೆರೆ ನೋಡಿದರೆ ನಮ್ಮ ಡ್ರಾಫ್ಟರ್‌ಗಳು ನಾಚಬೇಕು. ಕ್ಲಾಸಿನಲ್ಲಿ ಯಾರ ಮನೆಯಲ್ಲಾದರೂ ಚಿತ್ತಾರ ಬರೆಯುವ ಅಜ್ಜಿಯೋ ಅತ್ತೆಯೋ ಇದ್ದರೆ ಅವರ ಕೈಲೇ ಒಂದು ಅಂಚು ಬರೆಸಿ, ಅವರ ಹೆಸರು ಹಾಕಿ. ಬಯಲುಸೀಮೆಯಾದರೆ ಜೋಳದ ತೆನೆ, ಕರಾವಳಿಯಾದರೆ ತೆಂಗು, ದೋಣಿ. ಊರಿನ ಮಕ್ಕಳು ದಿನಾ ಕಾಣುವುದು ಸಾಕು.

ಹೆಸರುಗಳ ಪುಟಕ್ಕೆ ಚುಕ್ಕಿ ರಂಗೋಲಿ ಒಪ್ಪುತ್ತೆ. 1, 3, 5, 7, 9, 7, 5, 3, 1 ಹೀಗೆ ಸಾಲಾಗಿ ಚುಕ್ಕಿ ಇಟ್ಟರೆ ಒಟ್ಟು 41. ಒಂದೊಂದು ಚುಕ್ಕಿಗೆ ಒಂದೊಂದು ಹೆಸರು, ಮೊದಲ ಬೆಂಚು ಕೊನೇ ಬೆಂಚು ಅನ್ನೋ ಭೇದ ಇಲ್ಲ. ಕ್ಲಾಸಿನಲ್ಲಿ 38 ಮಕ್ಕಳಿದ್ದರೆ ಉಳಿದ ಮೂರು ಚುಕ್ಕಿ ಕ್ಲಾಸ್ ಟೀಚರಿಗೆ, ಗಂಟೆ ಹೊಡೆಯುವ ಅಣ್ಣನಿಗೆ, ಬಿಸಿಯೂಟ ಬಡಿಸುವ ಅಕ್ಕನಿಗೆ. ಒಂದು ಚುಕ್ಕಿ ಬಿಟ್ಟರೆ ರಂಗೋಲಿ ಕೂಡೋದೇ ಇಲ್ಲ, ಇದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ನಡುವೆ ಹೋದವರು

ಎಂಟನೇ ಕ್ಲಾಸಿನ ಹಾಜರಿ ಪುಸ್ತಕವನ್ನೂ ಒಮ್ಮೆ ನೋಡಿ. ಅಲ್ಲಿದ್ದು ಹತ್ತಕ್ಕೆ ಬರದ ಹೆಸರುಗಳು ಒಂದೆರಡಾದರೂ ಇರಬಹುದು. ಕೆಲವರು ಊರು ಬಿಟ್ಟಿರ್ತಾರೆ, ಕೆಲವರು ಕೆಲಸಕ್ಕೆ ಹೋಗಿರ್ತಾರೆ, ಕೆಲವರ ವಿಷಯ ಮಕ್ಕಳು ಮಾತಾಡೋಕೆ ಇಷ್ಟಪಡಲ್ಲ. ಅವರೂ ಈ ಕ್ಲಾಸಿನವರೇ. ಅವರನ್ನೋ ಮನೆಯವರನ್ನೋ ಕೇಳಿ ಒಪ್ಪಿದರೆ ಹೆಸರಿನೊಂದಿಗೆ ಮುಖಚಿತ್ರ ಹಾಕಿ, ಕಾರಣ ಮಾತ್ರ ಬರೆಯಬೇಡಿ. ಕೇಳೋದು ಸಾಧ್ಯವಾಗದಿದ್ದರೆ ನಕ್ಷೆಯಲ್ಲಿ ಅವರ ಸೈಕಲ್ಲು ನಿಲ್ಲುತ್ತಿದ್ದ ಮರದ ಕೆಳಗೆ ಒಂದು ಸೈಕಲ್ಲು ಬಿಡಿಸಿ, ಕೋಣೆಯಲ್ಲಿ ಅವರ ಬೆಂಚಿನ ತುದಿಯಲ್ಲಿ ಒಂದು ಜಾಗ ಬಿಡಿ. ಗೊತ್ತಿರುವವರಿಗೆ ಗೊತ್ತಾಗುತ್ತೆ.

ಅಚ್ಚಿಗೆ ಕೊಡುವ ಮುನ್ನ

ಎ5 ಅಳತೆ (148 × 210 ಮಿ.ಮೀ.) ಅನುಕೂಲ, ಎ4 ಹಾಳೆ ನಡುವೆ ಮಡಚಿದರೆ ಆಗುತ್ತೆ. ನಡುವೆ ಪಿನ್ನು ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಮಗ್ಗಿಯಲ್ಲೇ ಇರಬೇಕು: 24, 28, 32. ಚಿತ್ರವನ್ನು ಎ4ನಲ್ಲಿ ಬಿಡಿಸಿ ಎ5ಕ್ಕೆ ಇಳಿಸಿ. ಅಳತೆ ಸುಮಾರು ಶೇ. 71ಕ್ಕೆ ಇಳಿಯುತ್ತೆ, ಕೈನಡುಕವೂ ಸ್ವಲ್ಪ ಮುಚ್ಚಿಹೋಗುತ್ತೆ. ಆದರೆ ಗೆರೆಯೂ ತೆಳ್ಳಗಾಗುತ್ತೆ ಅನ್ನೋದು ನೆನಪಿರಲಿ. 0.5 ಮಿ.ಮೀ. ಗೆರೆ 0.35 ಆಗುತ್ತೆ, 0.1ರ ಗೆರೆ ಮಾಯವಾಗುತ್ತೆ. ಹೊರಗೆರೆಗೆ 0.8, ಒಳಗಿನದಕ್ಕೆ 0.5, ಅದಕ್ಕಿಂತ ಕಡಿಮೆ 0.3ಕ್ಕೆ ನಿಲ್ಲಿಸಿ. ಕಪ್ಪು ಶಾಯಿಯನ್ನೇ ಬಳಸಿ, ನೀಲಿ ಬಾಲ್‌ಪೆನ್ನು ಸ್ಕ್ಯಾನಿನಲ್ಲಿ ಬಿಳಚಿಕೊಳ್ಳುತ್ತೆ.

ಗೆರೆಚಿತ್ರವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದಿದ್ದರೆ ಜಗಲಿಯ ಹಗಲು ಬೆಳಕಿನಲ್ಲಿ, ಫೋನಿನ ನೆರಳು ಬೀಳದ ಹಾಗೆ ನೇರ ಮೇಲಿನಿಂದ ಫೋಟೋ ತೆಗೆಯಿರಿ. ಇಂಕ್‌ಸ್ಕೇಪ್, ಕ್ರಿಟಾ, ಗಿಂಪ್ ಮೂರೂ ಉಚಿತ ತಂತ್ರಾಂಶಗಳು. ಇಂಕ್‌ಸ್ಕೇಪ್‌ನಲ್ಲಿ ಸ್ಕ್ಯಾನಿನ ಗೆರೆಯನ್ನು ವೆಕ್ಟರ್ ಮಾಡಿಕೊಂಡರೆ ಎಷ್ಟು ದೊಡ್ಡದು ಮಾಡಿದರೂ ಒಡೆಯಲ್ಲ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಬೇಡಿ, ಗುಣಮಟ್ಟ ಇಳಿಯುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರ ಪುಟದ ಅಂಚಿನವರೆಗೂ ಹೋಗುವುದಾದರೆ ಕತ್ತರಿಸಲು 3 ಮಿ.ಮೀ. ಹೆಚ್ಚು ಬಿಡಿಸಿ, ಹೆಸರು ಮುಖಗಳು ಅಂಚಿನಿಂದ 10 ಮಿ.ಮೀ. ಒಳಗಿರಲಿ. ಕನ್ನಡ ಅಕ್ಷರ ಇರುವ ಪುಟಗಳನ್ನು ಫಾಂಟ್ ಸೇರಿಸಿದ ಪಿಡಿಎಫ್ ಮಾಡಿಯೇ ಪ್ರೆಸ್ಸಿಗೆ ಕೊಡಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗಬಹುದು. ಹೆಸರೇ ತಪ್ಪಾಗಿ ಅಚ್ಚಾದ ಮಗುವಿಗೆ ಎಷ್ಟು ಚಂದದ ಚಿತ್ರ ಕೊಟ್ಟೂ ಏನು ಬಂತು?

ಕೊನೆಯ ಎರಡು ಪುಟ ಖಾಲಿ ಬಿಡಿ. ಮೂಲೆಯಲ್ಲೊಂದು ಚಿಕ್ಕ ಪೆನ್ನಿನ ಚಿತ್ರ ಸಾಕು. ಸೆಂಡಾಫ್ ದಿನ ಎಲ್ಲರೂ ಪುಸ್ತಕ ಬದಲಾಯಿಸಿಕೊಂಡು ಬರೆಯೋದಕ್ಕೆ ಆ ಜಾಗ ಬೇಕು. ಕಾಗದ ನುಣುಪಾಗಿ ಹೊಳೆಯುವಂಥದ್ದಾದರೆ ಪೆನ್ನು ಹಿಡಿಯಲ್ಲ, ಒಳಪುಟಕ್ಕೆ ಮಾಮೂಲಿ ಬರೆಯುವ ಕಾಗದವೇ ಇರಲಿ.

ಕೊನೇ ಪರೀಕ್ಷೆ

ಪ್ರೆಸ್ಸಿಗೆ ಕೊಡುವ ಹಿಂದಿನ ದಿನ ಪುಟಗಳನ್ನೆಲ್ಲ ನೆಲದ ಮೇಲೆ ಹರಡಿ. ಒಬ್ಬರು ಹಾಜರಿ ಕೂಗಲಿ, ಇನ್ನೊಬ್ಬರು ಆ ಮಗುವನ್ನು ಪುಟಗಳಲ್ಲಿ ಹುಡುಕಿ "ಪ್ರೆಸೆಂಟ್" ಅನ್ನಲಿ. ಪ್ರತಿ ರೋಲ್ ನಂಬರ್ ಕನಿಷ್ಠ ಎರಡು ಕಡೆ ಸಿಗಬೇಕು, ಮುಖಚಿತ್ರ ಒಂದು, ಮತ್ತೆ ನಕ್ಷೆಯಲ್ಲೋ ಗುಂಪಿನಲ್ಲೋ ಇನ್ನೊಂದು. ಯಾರಾದರೂ ಆರು ಕಡೆ ಸಿಕ್ಕರೆ ಎರಡು ತೆಗೆದು, ಒಂದೇ ಕಡೆ ಇರುವವರಿಗೆ ಆ ಜಾಗ ಕೊಡಿ. ಒಂದು ನಂಬರ್ ಕೂಗಿದಾಗ ಉತ್ತರ ಬರದಿದ್ದರೆ ಪೆನ್ನು ಮತ್ತೆ ಕೈಗೆತ್ತಿಕೊಳ್ಳಿ, ಕೆಲಸ ಇನ್ನೂ ಮುಗಿದಿಲ್ಲ.

ಈ ವರ್ಷ ಯಾರಾದರೂ ಊರಿನಿಂದ ಕೇಳಿದರೆ "ಟೈಮಿಲ್ಲ" ಅನ್ನಬೇಡಿ. ಮಾರ್ಚಿನಲ್ಲಿ ಅವರಿಗೆ ಪರೀಕ್ಷೆಯ ಬಿಸಿ, ನಮಗೆ ಇಂಟರ್ನಲ್ಸ್ ಗಲಾಟೆ. ಸಂಕ್ರಾಂತಿಗೆ ಊರಿಗೆ ಹೋದಾಗ ಪಟ್ಟಿ, ಮೂರು ಪ್ರಶ್ನೆ, ಹೆಜ್ಜೆ ಅಳತೆ ಇಷ್ಟು ಮುಗಿಸಿಕೊಂಡು ಬನ್ನಿ. ಉಳಿದದ್ದನ್ನು ಹಾಸ್ಟೆಲ್ಲಿನಲ್ಲಿ ನಾಲ್ಕು ಜನ ಸೇರಿ ಒಂದೆರಡು ಭಾನುವಾರದಲ್ಲಿ ಮುಗಿಸಬಹುದು.